ಗೆಳೆಯನ ಗಂಟು

ಮನುಷ್ಯನು ತನ್ನ ಸ್ವಂತ ಧನವನ್ನು ವಿನಿಯೋಗಿಸುವ ರೀತಿಗಿಂತಲೂ, ಪರರು ನಂಬಿ ಕೊಟ್ಟ ಧನವನ್ನು ಕಾಯ್ದುಕೊಳ್ಳುವ ರೀತಿಯಲ್ಲಿ ಅವನ ಶೀಲಸ್ವಭಾವಗಳು ಹೆಚ್ಚು ನಿಚ್ಚಳವಾಗಿ ಕಾಣುತ್ತವೆಂಬುದು ನನ್ನ ಬಹುಕಾಲದ ಅಭಿಪ್ರಾಯ. ತನ್ನ ಹಣವನ್ನು ಷೇರುಪೇಟೆಯಲ್ಲಿ ತೊಡಗಿಸಿದವನು, ಅದು ವೃದ್ಧಿಸಿದರೆ ತನ್ನ ಬುದ್ಧಿಬಲವೆಂದೂ ಕ್ಷಯಿಸಿದರೆ ಕಾಲದೋಷವೆಂದೂ ಸಮಾಧಾನ ತಂದುಕೊಳ್ಳಬಲ್ಲನು; ಅವನನ್ನು ಲೆಕ್ಕ ಕೇಳುವವರಿಲ್ಲ, ಮನೆಯವರು ಕೇಳಿದರೂ ಆ ಮಾತು ಒಂದು ಸಂಜೆಗೆ ಮುಗಿಯುತ್ತದೆ. ಅದೇ ಹಣವು ಒಂದೇ ಕೋಣೆಯಲ್ಲಿ ಚಾಪೆ ಹಾಸಿ ಮಲಗಿ ಓದಿದ ಗೆಳೆಯನದಾಗಿದ್ದರೆ ಸಂಗತಿಯೇ ಬೇರೆ. ಕೊಟ್ಟವನು ಕೋಡಂಗಿ, ಇಸಕೊಂಡವನು ಈರಭದ್ರ ಎಂದು ನಮ್ಮ ಜನ ಸಾಲದ ವಿಷಯದಲ್ಲಿ ಆಡಿಕೊಂಡಿರುವುದುಂಟು; ಆದರೆ ಸಾಲವೂ ಅಲ್ಲದೆ, ದಾನವೂ ಅಲ್ಲದೆ, ಕೂಲಿಯೂ ಇಲ್ಲದೆ ಒಬ್ಬನ ಗಂಟನ್ನು ಇನ್ನೊಬ್ಬನು ಪೇಟೆಯಲ್ಲಿ ಕಾಯುವ ಸಂಬಂಧಕ್ಕೆ ಹೊಂದುವ ಗಾದೆಯೊಂದನ್ನು ನಾನು ಇದುವರೆಗೆ ಕೇಳಿದವನಲ್ಲ. ಅಂತಹ ಸಂಬಂಧದಲ್ಲಿ ಒಂದು ದಶಕಕ್ಕೂ ಮೀರಿದ ಕಾಲ ಇದ್ದವನಾದುದರಿಂದ, ಅದರ ವಿಷಯದಲ್ಲಿ ನನಗೆ ತಿಳಿದುದನ್ನು ಬರೆದಿಡುವುದು ಉಚಿತವೆಂದು ತೋರಿದೆ.

ಆ ಗೆಳೆಯನೂ ನಾನೂ ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಓದಿದವರು. ಅವನು ಚರಿತ್ರೆಯನ್ನೂ ನಾನು ಅರ್ಥಶಾಸ್ತ್ರವನ್ನೂ ಆರಿಸಿಕೊಂಡಿದ್ದೆವು. ಓದು ಮುಗಿದ ಮೇಲೆ ಅವನು ತನ್ನ ಸಾಗರ ಸೀಮೆಗೆ ಹಿಂದಿರುಗಿ ಪ್ರೌಢಶಾಲೆಯ ಉಪಾಧ್ಯಾಯನಾದನು. ನಾನು ಬೆಂಗಳೂರಿನ ಕಾಲೇಜೊಂದರಲ್ಲಿ ಪಾಠ ಹೇಳುತ್ತ ಚಾಮರಾಜಪೇಟೆಯಲ್ಲಿ ನೆಲೆ ನಿಂತೆನು. 1986ರಲ್ಲಿ ಅವನ ಮನೆಯಲ್ಲಿ ಹಿಸ್ಸೆಯಾಗಿ, ತೋಟವನ್ನು ಅಣ್ಣನು ಉಳಿಸಿಕೊಂಡು, ಇವನ ಪಾಲಿಗೆ ಅರುವತ್ತು ಸಾವಿರ ರೂಪಾಯಿ ನಗದು ಬಂದಿತು. ಉಪಾಧ್ಯಾಯನ ಸಂಬಳದಲ್ಲಿ ಬದುಕುತ್ತಿದ್ದವನಿಗೆ ಅದು ಅಲ್ಪ ಮೊತ್ತವಲ್ಲ. ಮರುವರ್ಷದ ಆರಂಭದಲ್ಲಿ ಪತ್ನೀಸಮೇತನಾಗಿ ನಮ್ಮ ಮನೆಗೆ ಬಂದವನು, ಊಟವಾದ ಮೇಲೆ, ಬಹಳ ಯೋಚಿಸಿ ನಿಶ್ಚಯಿಸಿದವನಂತೆ ಹೇಳಿದನು: "ನೋಡು ಮಾರಾಯ, ಇದು ಅಪ್ಪಯ್ಯ ನೆಟ್ಟ ಮರಗಳ ದುಡ್ಡು. ನನಗೆ ಪೇಟೆ ವ್ಯವಹಾರ ತಿಳಿಯುವುದಿಲ್ಲ. ನಿನಗೆ ತಿಳಿದಂತೆ ಬೆಳೆಸು. ನಿನ್ನ ಹತ್ತಿರ ನಾನು ಲೆಕ್ಕ ಕೇಳುವವನಲ್ಲ."

ಲೆಕ್ಕ ಕೇಳುವುದಿಲ್ಲವೆಂದಾದರೆ ಹಣವನ್ನು ಮುಟ್ಟುವುದಿಲ್ಲವೆಂದು ನಾನು ಹೇಳಿದೆನು. ಅವನಿಗೆ ಅದು ನೋವನ್ನುಂಟುಮಾಡಿತೆಂಬುದು ಮುಖದಿಂದಲೇ ತಿಳಿಯಿತು. ಲೆಕ್ಕವನ್ನು ಅವನು ಅಪನಂಬಿಕೆಯ ಲಕ್ಷಣವೆಂದು ಬಗೆದಿದ್ದನು, ಸ್ನೇಹದ ನಡುವೆ ಅದನ್ನು ತರುವುದು ಅಶೋಭೆಯೆಂದು ನಂಬಿದ್ದನು. ನಮ್ಮ ಸಮಾಜದಲ್ಲಿ ಸಜ್ಜನರೆನಿಸಿಕೊಂಡ ಎಷ್ಟೋ ಮಂದಿ ಹೀಗೆಯೇ ನಂಬಿದ್ದಾರೆ. ಆಗ ಮಾತಿಗೆ ಬಂದವರು ಅವನ ಪತ್ನಿ. "ಅಣ್ಣಯ್ಯ, ಅಂಚೆ ಕಚೇರಿಯಲ್ಲಿ ಇಂದಿರಾ ವಿಕಾಸ ಪತ್ರ ಎಂದು ಬಂದಿದೆಯಂತಲ್ಲ, ಐದು ವರ್ಷಕ್ಕೆ ದುಪ್ಪಟ್ಟು ಕೊಡುತ್ತಾರಂತೆ. ಅದಕ್ಕಿಂತ ಹೆಚ್ಚಿಗೆ ನಮಗೆ ಯಾಕೆ ಬೇಕು?" ಎಂದು ಅವರು ಕೇಳಿದರು.

ಷೇರುಗಳ ವಿಷಯದಲ್ಲಿ ಆ ಬಳಿಕ ಎಷ್ಟೋ ಪಂಡಿತರು ಬರೆದುದನ್ನು ನಾನು ಓದಿದ್ದೇನೆ. ಆದರೂ ಆಕೆಯ ಈ ಪ್ರಶ್ನೆಗಿಂತ ಮೊದಲು ಕೇಳಬೇಕಾದ ಪ್ರಶ್ನೆ ಇನ್ನೊಂದಿಲ್ಲ. ಐದು ವರ್ಷಕ್ಕೆ ಇಮ್ಮಡಿಯೆಂದರೆ ವರ್ಷಕ್ಕೆ ನೂರಕ್ಕೆ ಹದಿನೈದರ ಹತ್ತಿರದ ಚಕ್ರಬಡ್ಡಿ, ಸರ್ಕಾರವೇ ಹೊಣೆ, ನಿದ್ರೆಗೆಡಬೇಕಾದ ಕಾರಣವಿಲ್ಲ. ಅದರಲ್ಲಿದ್ದ ಕೊರತೆಯೆಂದರೆ ಪತ್ರದ ಮೇಲೆ ಹೆಸರಿಲ್ಲದಿದ್ದುದು, ಕೈಯಲ್ಲಿದ್ದವನದೇ ಹಣವೆನಿಸುತ್ತಿದ್ದುದು. ಆದ್ದರಿಂದ ಕಳೆಯದಂತೆ ಇಡಬೇಕಾಗಿತ್ತು. ಷೇರುಗಳು ಇದಕ್ಕಿಂತ ಮಿಗಿಲಾಗಿ ತರುವುವೆಂದು ಆಣೆಯಿಟ್ಟು ಹೇಳುವ ಅಧಿಕಾರ ಯಾರಿಗೂ ಇರಲಿಲ್ಲ. ಕಡೆಗೆ ಮೂವರೂ ಒಪ್ಪಿದುದು ಹೀಗೆ: ಮೂವತ್ತು ಸಾವಿರ ಆಕೆಯ ಮಾತಿನಂತೆ ಅಂಚೆ ಕಚೇರಿಗೆ, ಅದರ ಮೇಲೆ ನಮ್ಮಿಬ್ಬರಿಗೂ ಅಧಿಕಾರವಿಲ್ಲ, ಉಳಿದ ಮೂವತ್ತು ಸಾವಿರ ಷೇರುಗಳಿಗೆ, ಆದರೆ ಷೇರುಗಳೆಲ್ಲವೂ ಅವನ ಹೆಸರಿನಲ್ಲಿಯೇ, ಕೊಳ್ಳುವುದಕ್ಕೂ ಮಾರುವುದಕ್ಕೂ ಅವನ ಒಪ್ಪಿಗೆ ಬರೆಹದಲ್ಲಿ, ಮೂರು ತಿಂಗಳಿಗೊಮ್ಮೆ ನಾನು ಲೆಕ್ಕದ ಕಾಗದ ಬರೆಯತಕ್ಕದ್ದು, ಅವನು ಓದಿ ಉತ್ತರ ಬರೆಯತಕ್ಕದ್ದು.

ಪೇಟೆಯ ಆಗಿನ ಸ್ಥಿತಿಯನ್ನು ಇಲ್ಲಿ ಸ್ವಲ್ಪ ಹೇಳಬೇಕು. ವಿದೇಶೀ ವಿನಿಮಯ ನಿಯಂತ್ರಣದ 1973ರ ಕಾಯಿದೆಯ ಪ್ರಕಾರ ಹೊರದೇಶದ ಎಷ್ಟೋ ಕಂಪೆನಿಗಳು ಇಲ್ಲಿನ ತಮ್ಮ ಪಾಲನ್ನು ನೂರಕ್ಕೆ ನಲವತ್ತಕ್ಕೆ ಇಳಿಸಬೇಕಾಗಿ ಬಂದು, ಆ ದಶಕದ ಕೊನೆಯ ವರ್ಷಗಳಲ್ಲಿ ತಮ್ಮ ಷೇರುಗಳನ್ನು ಭಾರತೀಯರಿಗೆ ಮಾರಿದವು. ಬೆಲೆಯನ್ನು ಗೊತ್ತುಮಾಡುತ್ತಿದ್ದವನು ಬಂಡವಾಳ ನೀಡಿಕೆಯ ನಿಯಂತ್ರಣಾಧಿಕಾರಿಯಾದ್ದರಿಂದ ಅವು ಅಗ್ಗವಾಗಿದ್ದವು. ನಗರಗಳ ಮಧ್ಯಮ ವರ್ಗದವರಿಗೆ ಷೇರಿನ ರುಚಿ ಹತ್ತಿದ್ದು ಬಹುಮಟ್ಟಿಗೆ ಆಗಲೇ. 1985ರ ಆಯವ್ಯಯದಲ್ಲಿ ವಿ. ಪಿ. ಸಿಂಗ್ ಅವರು ಆದಾಯ ತೆರಿಗೆಯ ಗರಿಷ್ಠ ದರವನ್ನು ಶೇಕಡ 61.875ರಿಂದ 50ಕ್ಕೆ ತಂದಾಗ ಪೇಟೆ ಒಮ್ಮೆ ಉಬ್ಬಿ, ಮರುವರ್ಷವೇ ಇಳಿಯಲಾರಂಭಿಸಿತು. ನಮ್ಮ ವ್ಯವಹಾರ ತೊಡಗಿದುದು ಆ ಇಳಿತದ ಕಾಲದಲ್ಲಿ. ಹಿಂದೂಸ್ತಾನ್ ಲಿವರ್, ಕೋಲ್ಗೇಟ್, ನಮ್ಮ ಆಡುಗೋಡಿಯ ಮೈಕೋ ಮುಂತಾದವುಗಳ ಷೇರುಗಳನ್ನು, ಬಿಡಿಬಿಡಿಯಾಗಿ ಸಿಕ್ಕಷ್ಟು, ವರ್ಷವೊಂದರ ಉದ್ದಕ್ಕೂ ಹರಡಿ ಕೊಂಡೆವು.

ಬೆಂಗಳೂರಿನ ಷೇರು ವಿನಿಮಯ ಕೇಂದ್ರವು 1963ರಲ್ಲಿ ಹುಟ್ಟಿದ್ದು. 1875ರಲ್ಲಿ ಸ್ಥಾಪಿತವಾದ ಮುಂಬಯಿಯ ಸಂಸ್ಥೆಯ ಮುಂದೆ ಕಿರಿಯದು. ಜೆ. ಸಿ. ರಸ್ತೆಯ ಆ ಕಟ್ಟಡದಲ್ಲಿ ದಲ್ಲಾಳಿಗಳೂ ಅವರ ಗುಮಾಸ್ತರೂ ನೆರೆದು, ಕೈಸನ್ನೆಗಳಿಂದಲೂ ಕೂಗಿನಿಂದಲೂ ವ್ಯಾಪಾರ ಕುದುರಿಸುತ್ತಿದ್ದರು. ಮುಂಬಯಿಯ ಧಾರಣೆ ದೂರವಾಣಿಯಲ್ಲಿ ಬಂದಂತೆ ಇಲ್ಲಿಯ ಧಾರಣೆಯೂ ತೂಗಾಡುತ್ತಿತ್ತು. ನಮ್ಮಂತಹವರು ಆ ಅಂಗಳಕ್ಕೆ ಇಳಿಯುವಂತಿರಲಿಲ್ಲ. ದಲ್ಲಾಳಿಯ ಕಚೇರಿಯಲ್ಲಿ ಕುಳಿತು ಇಂಥದನ್ನು ಇಂಥ ಬೆಲೆಯೊಳಗೆ ಕೊಳ್ಳಿರೆಂದು ಹೇಳಿ ಬರಬೇಕು. ಬಳಿಕ ಬರುವ ಕಾಂಟ್ರಾಕ್ಟ್ ನೋಟಿನಲ್ಲಿ ಏನಿದೆಯೋ ಅದೇ ಬೆಲೆ. ಅವನು ವಾಸ್ತವವಾಗಿ ಎಷ್ಟಕ್ಕೆ ಕೊಂಡನು, ನಡುವೆ ಎಷ್ಟು ಉಳಿಸಿಕೊಂಡನು ಎಂಬುದನ್ನು ಅರಿಯುವ ಉಪಾಯ ಗಿರಾಕಿಗೆ ಇರಲಿಲ್ಲ. ಮರುದಿನದ ಪತ್ರಿಕೆಯಲ್ಲಿ ಆ ದಿನದ ಮೇಲಿನ ಧಾರಣೆ, ಕೆಳಗಿನ ಧಾರಣೆಗಳನ್ನು ನೋಡಿ, ನೋಟಿನ ಬೆಲೆ ಅವೆರಡರ ನಡುವೆ ಇದೆಯೇ ಎಂದು ಪರೀಕ್ಷಿಸಿ, ಆ ಪತ್ರಿಕೆಯ ತುಣುಕನ್ನು ಕತ್ತರಿಸಿ ನೋಟಿಗೆ ಅಂಟಿಸಿ ಗೆಳೆಯನಿಗೆ ಕಳುಹಿಸುವುದನ್ನು ನಾನು ಪದ್ಧತಿ ಮಾಡಿಕೊಂಡೆನು. ನನ್ನ ಸ್ವಂತ ಷೇರುಗಳಿಗೆ ಇಷ್ಟು ಶ್ರಮ ಪಟ್ಟವನಲ್ಲ. ಅಲ್ಲಿ ಸಂಶಯವೂ ನನ್ನದೇ, ನಷ್ಟವೂ ನನ್ನದೇ. ಇಲ್ಲಿ ಅವನಿಗೆ ಹುಟ್ಟಬಹುದಾದ ಸಂಶಯವನ್ನು ಹುಟ್ಟುವುದಕ್ಕೆ ಮೊದಲೇ ಪರಿಹರಿಸುವುದು ನನ್ನ ಕರ್ತವ್ಯವೆಂದು ನನಗೆ ಅನಿಸುತ್ತಿತ್ತು.

ಷೇರುಗಳು ಆಗ ಕಾಗದದ ರೂಪದಲ್ಲಿದ್ದವು. ಕೊಂಡ ಷೇರುಪತ್ರದೊಂದಿಗೆ ಮಾರಿದವನ ಸಹಿಯುಳ್ಳ ವರ್ಗಾವಣೆ ಪತ್ರ ಬರಬೇಕು; ಅದಕ್ಕೆ ನೂರು ರೂಪಾಯಿಗೆ ಐವತ್ತು ಪೈಸೆಯಂತೆ ಮುದ್ರೆಯ ಚೀಟಿ ಅಂಟಿಸಬೇಕು; ಕೊಂಡವನ ಸಹಿ ಪಡೆದು ಕಂಪೆನಿಗೆ ಕಳುಹಿಸಬೇಕು; ತಿಂಗಳುಗಟ್ಟಲೆ ಕಾಯಬೇಕು. ನನ್ನ ಗೆಳೆಯನು ಕನ್ನಡದಲ್ಲಿಯೇ ಸಹಿ ಮಾಡುವವನು. ಅವನ ಮೊದಲ ಸಹಿಗೂ ಎರಡು ವರ್ಷದ ಅನಂತರದ ಸಹಿಗೂ ಒತ್ತಕ್ಷರದ ಒಂದು ಬಾಲದಷ್ಟು ಭೇದವಿತ್ತೆಂದು, ಸಹಿ ತಾಳೆಯಾಗುವುದಿಲ್ಲವೆಂಬ ಷರಾದೊಂದಿಗೆ, ದೂರದ ಊರಿನಲ್ಲಿದ್ದ ಕಂಪೆನಿಯೊಂದರ ಕಚೇರಿಯಿಂದ ಪತ್ರಗಳು ಮರಳಿ ಬಂದವು. ಬ್ಯಾಂಕಿನ ವ್ಯವಸ್ಥಾಪಕರಿಂದ ಸಹಿಯನ್ನು ದೃಢೀಕರಿಸಿಕೊಂಡು ಮತ್ತೆ ಕಳುಹಿಸಬೇಕಾಯಿತು. ಇಂಗ್ಲಿಷಿನಲ್ಲಿ ಸಹಿ ಮಾಡುವುದನ್ನು ಕಲಿತುಕೊಳ್ಳಬಾರದೇ ಎಂದು ದಲ್ಲಾಳಿಯ ಗುಮಾಸ್ತನು ಸೂಚಿಸಿದಾಗ ಗೆಳೆಯನು ಒಪ್ಪಲಿಲ್ಲ; ನನಗೂ ಅವನು ಒಪ್ಪದಿದ್ದುದೇ ಸರಿಯೆನಿಸಿತು.

ಆದರೆ ಈ ಕಾಗದಪತ್ರಗಳ ಮಂದಗತಿಯಿಂದ ನಮಗಾದ ಉಪಕಾರವನ್ನು ಈಗ ಯಾರೂ ಹೇಳುವುದಿಲ್ಲ. ಒಂದು ಷೇರನ್ನು ಮಾರಬೇಕೆಂದು ನನಗೆ ತೋರಿದರೆ, ಅದರ ಕಾರಣವನ್ನು ನಾನು ಗೆಳೆಯನಿಗೆ ಅರ್ಥವಾಗುವ ಮಾತಿನಲ್ಲಿ ಬರೆಯಬೇಕು. ವರ್ಗಾವಣೆ ಪತ್ರ ಸಾಗರಕ್ಕೆ ಹೋಗಬೇಕು. ಅವನು ಯೋಚಿಸಬೇಕು, ಸಹಿ ಮಾಡಬೇಕು, ಅದು ಹಿಂದಿರುಗಬೇಕು. ಒಂದು ವಾರದ ಅನಂತರವೂ ಸರಿಯೆಂದು ತೋರುವ ಕಾರಣವು ಪ್ರಾಯಶಃ ಸರಿಯಾದ ಕಾರಣವೇ ಆಗಿರುತ್ತಿತ್ತು. ಅದಕ್ಕಿಂತ ಮುಖ್ಯವಾಗಿ, ಹಣವು ಅದರ ಒಡೆಯನ ತಿಳಿವಳಿಕೆಗಿಂತ ವೇಗವಾಗಿ ಚಲಿಸುವುದಕ್ಕೆ ಅವಕಾಶವಿರಲಿಲ್ಲ. ನನ್ನ ಧೈರ್ಯವನ್ನು ಅವನ ಹಣದ ಮೇಲೆ ಪ್ರಯೋಗಿಸುವ ಪ್ರಸಂಗವೇ ಬರುತ್ತಿರಲಿಲ್ಲ.

ಲೆಕ್ಕದ ಕಾಗದಗಳ ವಿಷಯಕ್ಕೆ ಬರುತ್ತೇನೆ; ಏಕೆಂದರೆ ನಮ್ಮ ಸ್ನೇಹ ಉಳಿದುದು ಅವುಗಳಿಂದ ಎಂಬುದರಲ್ಲಿ ನನಗೆ ಸಂದೇಹವಿಲ್ಲ. ಫುಲ್‌ಸ್ಕೇಪ್ ಹಾಳೆಯಲ್ಲಿ ಗೆರೆ ಎಳೆದು, ಕಂಪೆನಿಯ ಹೆಸರು, ಷೇರುಗಳ ಸಂಖ್ಯೆ, ಕೊಂಡ ಬೆಲೆ, ಪತ್ರಿಕೆಯಲ್ಲಿ ಬಂದ ಇಂದಿನ ಬೆಲೆ, ಬಂದ ಲಾಭಾಂಶ ಇವಿಷ್ಟನ್ನು ಬರೆದು, ಕೆಳಗೆ ಇಂದೇ ಎಲ್ಲವನ್ನೂ ಮಾರಿದರೆ ದಲ್ಲಾಳಿಯ ಕಮಿಷನ್ ಕಳೆದು ಕೈಗೆ ಬರುವುದು ಇಷ್ಟು ಎಂದು ಒಂದು ಮೊತ್ತ ಕಾಣಿಸುತ್ತಿದ್ದೆನು. ಬಿಡಿ ಷೇರುಗಳನ್ನು ಮಾರುವಾಗ ಪೇಟೆಯ ಧಾರಣೆಗಿಂತ ಕಡಮೆಯೇ ಸಿಕ್ಕುತ್ತಿದ್ದುದರಿಂದ ಅದನ್ನೂ ಕಳೆದೇ ಬರೆಯುತ್ತಿದ್ದೆನು. ನಷ್ಟದಲ್ಲಿರುವ ಕಂಪೆನಿಯ ಹೆಸರು ಎಲ್ಲಕ್ಕೂ ಮೇಲೆ ಬರಬೇಕೆಂಬುದು ನಾನೇ ಹಾಕಿಕೊಂಡ ನಿಯಮ. ನಾವಿಬ್ಬರೂ ಸಮ್ಮತಿಸಿ ಕೊಂಡಿದ್ದ, ಯಂತ್ರಭಾಗಗಳನ್ನು ತಯಾರಿಸುತ್ತಿದ್ದ ಕಂಪೆನಿಯೊಂದು ಮೊದಲು ಲಾಭಾಂಶ ನಿಲ್ಲಿಸಿ, ಬಳಿಕ ಕಾರ್ಖಾನೆಯನ್ನೇ ಮುಚ್ಚಿತು. ಆ ಹೆಸರು ವರ್ಷಗಟ್ಟಲೆ ಪ್ರತಿಯೊಂದು ಕಾಗದದ ಮೊದಲ ಸಾಲಿನಲ್ಲಿ, ಬೆಲೆಯ ಅಂಕಣದಲ್ಲಿ ಸೊನ್ನೆಯೊಂದಿಗೆ, ಉಳಿಯಿತು. "ಅದನ್ನು ಬಿಟ್ಟುಬಿಡು, ಮಾರಾಯ, ಆಗಿಹೋದದ್ದು ಆಯಿತು" ಎಂದು ಅವನು ಒಮ್ಮೆ ಬರೆದನು. ನಾನು ಬಿಡಲಿಲ್ಲ. ಕಂಪೆನಿ ಮುಚ್ಚಿದರೂ ಅದರಲ್ಲಿ ತೊಡಗಿಸಿದ ಹಣ ಅವನ ತಂದೆಯ ತೋಟದಿಂದ ಬಂದುದಾಗಿತ್ತು. ಅದನ್ನು ಲೆಕ್ಕದಿಂದ ಅಳಿಸುವ ಅಧಿಕಾರ ನನಗೆಲ್ಲಿಯದು?

ಮೊದಮೊದಲು ಅವನ ಉತ್ತರಗಳಲ್ಲಿ ಷೇರಿನ ಮಾತು ಒಂದು ಸಾಲು, ಮಳೆಬೆಳೆಗಳ ಮಾತು ಎರಡು ಪುಟ. ಕ್ರಮೇಣ ಅವನು ಪ್ರಶ್ನೆ ಕೇಳತೊಡಗಿದನು. ಬೋನಸ್ ಷೇರು ಬಂದರೆ ಬೆಲೆ ಏಕೆ ಇಳಿಯುತ್ತದೆ, ಹಕ್ಕಿನ ಷೇರಿಗೆ ನಾವು ಏಕೆ ಹಣ ಕಟ್ಟಬೇಕು, ಲಾಭ ಹೆಚ್ಚಿದರೂ ಲಾಭಾಂಶ ಏಕೆ ಹೆಚ್ಚಲಿಲ್ಲ ಎಂದು. ಅಡಕೆಯ ಸೀಮೆಯಲ್ಲಿ ಹುಟ್ಟಿದವನಾದ್ದರಿಂದ ಅವನಿಗೆ ಒಂದು ವಿಷಯವನ್ನು ಹೇಳಿಕೊಡಬೇಕಾಗಿರಲಿಲ್ಲ: ಮಂಡಿಯ ಧಾರಣೆ ದಿನಕ್ಕೊಂದಾದರೂ ತೋಟದ ಮರಗಳ ಸಂಖ್ಯೆ ದಿನಕ್ಕೊಂದಾಗುವುದಿಲ್ಲವೆಂಬುದನ್ನೂ, ನೆಟ್ಟ ಸಸಿ ಐದಾರು ವರ್ಷ ಫಲ ಕೊಡುವುದಿಲ್ಲವೆಂಬುದನ್ನೂ ಅವನು ಬಲ್ಲವನಾಗಿದ್ದನು. ಕಂಪೆನಿಯನ್ನು ತೋಟವೆಂದೂ ಷೇರುಪೇಟೆಯನ್ನು ಮಂಡಿಯೆಂದೂ ಭಾವಿಸಿಕೊಂಡ ಮೇಲೆ, ನನ್ನ ಕಾಲೇಜಿನ ವಿದ್ಯಾರ್ಥಿಗಳಿಗೆ ವರ್ಷವಿಡೀ ಹೇಳಿದರೂ ಹತ್ತದ ವಿಚಾರಗಳು ಅವನಿಗೆ ಒಂದೊಂದೇ ಕಾಗದದಲ್ಲಿ ಹತ್ತಿದವು.

1990ರ ಜುಲೈಯಲ್ಲಿ ಮುಂಬಯಿಯ ಸೂಚ್ಯಂಕ ಮೊದಲ ಸಲ ಸಾವಿರವನ್ನು ಮುಟ್ಟಿತು. 1992ರ ಜನವರಿಯಲ್ಲಿ ಎರಡು ಸಾವಿರ, ಫೆಬ್ರವರಿ 29ರಂದು ಮನಮೋಹನ ಸಿಂಗ್ ಅವರು ಆಯವ್ಯಯ ಮಂಡಿಸಿದ ದಿನ ಮೂರು ಸಾವಿರ, ಮಾರ್ಚ್ ಮುಗಿಯುವುದರೊಳಗೆ ನಾಲ್ಕು ಸಾವಿರ. ಹಿಂದಿನ ವರ್ಷದಲ್ಲಿ ನೂರಿನ ಅಂಕೆಗಳಲ್ಲಿದ್ದ ಎ.ಸಿ.ಸಿ. ಸಿಮೆಂಟಿನ ಷೇರು ಹತ್ತು ಸಾವಿರದ ಆಸುಪಾಸಿಗೆ ಏರಿತು. ಆ ಏರಿಕೆಯ ಹಿಂದಿದ್ದ ದಲ್ಲಾಳಿ ಹರ್ಷದ್ ಮೆಹತಾ, ಅಂತಹ ಕಾರ್ಖಾನೆಯೊಂದನ್ನು ಇಂದು ಹೊಸದಾಗಿ ಕಟ್ಟಬೇಕಾದರೆ ಎಷ್ಟು ವೆಚ್ಚ ತಗಲುವುದೋ ಅಷ್ಟು ಬೆಲೆ ಷೇರಿಗೂ ಸಲ್ಲಬೇಕೆಂದು ವಾದಿಸುತ್ತಿದ್ದನು. ಕಾರ್ಖಾನೆಯ ಬೆಲೆಯನ್ನು ಅದು ಗಳಿಸುವ ಲಾಭದಿಂದಲ್ಲದೆ ಅದನ್ನು ಕಟ್ಟುವ ವೆಚ್ಚದಿಂದ ಅಳೆಯುವ ಆ ವಾದವನ್ನು ಕಾಫಿ ಹೋಟೆಲುಗಳಲ್ಲಿಯೂ ಜನ ಗಂಭೀರವಾಗಿ ಪುನರುಚ್ಚರಿಸುತ್ತಿದ್ದರು. ನಮ್ಮ ಮೂವತ್ತು ಸಾವಿರದ ಷೇರುಗಳ ಬೆಲೆ, ಲೆಕ್ಕದ ಕಾಗದದಲ್ಲಿ, ಹಲವು ಮಡಿಯಾಗಿತ್ತು.

ನಷ್ಟದ ಕಾಲದಲ್ಲಿ ಸ್ನೇಹಕ್ಕೆ ಪೆಟ್ಟು ಬೀಳುತ್ತದೆಂದು ಎಲ್ಲರೂ ತಿಳಿದಿರುತ್ತಾರೆ. ನನ್ನ ಅನುಭವದಲ್ಲಿ ಸ್ನೇಹಕ್ಕೆ ಒದಗಿದ ನಿಜವಾದ ಪರೀಕ್ಷೆಯು ಲಾಭದ ಕಾಲದ್ದು. ಅವನ ಕಾಗದಗಳ ಧಾಟಿ ಬದಲಾಯಿತು. ಪ್ರಶ್ನೆಗಳು ನಿಂತು ಸ್ತುತಿ ತೊಡಗಿತು. ಅವನ ಶಾಲೆಯ ಸಹೋದ್ಯೋಗಿಗಳು ತಮ್ಮ ಭವಿಷ್ಯನಿಧಿಯಿಂದ ಸಾಲ ತೆಗೆದು ನನಗೆ ಕಳುಹಿಸುತ್ತೇವೆಂದು ಅವನ ಮೂಲಕ ಹೇಳಿಸಿದರು. ನಾನು ಒಬ್ಬರದನ್ನೂ ಒಪ್ಪಿಕೊಳ್ಳಲಿಲ್ಲ. ಪ್ರಶ್ನೆ ಕೇಳುವ ಗೆಳೆಯನು ತನ್ನ ಹಣದ ಒಡೆಯನಾಗಿಯೇ ಇರುತ್ತಾನೆ; ಸ್ತುತಿ ಮಾಡುವವನು ಒಡೆತನವನ್ನು ಬಿಟ್ಟುಕೊಡುತ್ತಾನೆ, ನಾಳೆ ಬರುವ ಕಷ್ಟಕ್ಕೆ ಮತ್ತೊಬ್ಬನನ್ನು ಹೊಣೆ ಮಾಡಿರುತ್ತಾನೆ. ಇನ್ನೊಂದು ಸಂಗತಿಯೂ ಉಂಟು. ಫೀಸು ತೆಗೆದುಕೊಳ್ಳುವವನನ್ನು ಬೇಡವಾದಾಗ ಬಿಡಿಸಬಹುದು, ಗದರಿಸಬಹುದು. ಸ್ನೇಹಕ್ಕಾಗಿ ದುಡಿಯುವವನನ್ನು ಬಿಡಿಸುವ ಮಾತು ಯಾರ ಬಾಯಿಂದಲೂ ಹೊರಡುವುದಿಲ್ಲ. ಆದಕಾರಣ ಅವನೇ ತನ್ನ ಮೇಲೆ ನಿಯಮ ಹಾಕಿಕೊಳ್ಳಬೇಕು.

ಆ ಮಾರ್ಚಿನಲ್ಲಿ ನಾನು ಒಂದು ವಿವರವಾದ ಕಾಗದ ಬರೆದು, ಷೇರುಗಳಲ್ಲಿ ಅರ್ಧವನ್ನು ಮಾರುವುದು ಲೇಸೆಂದು ಸೂಚಿಸಿ, ವರ್ಗಾವಣೆ ಪತ್ರಗಳನ್ನು ಸಹಿಗಾಗಿ ಕಳುಹಿಸಿದೆನು. ಕಂಪೆನಿಗಳ ಲಾಭ ಆ ವೇಗದಲ್ಲಿ ಬೆಳೆದಿಲ್ಲವೆಂಬುದೇ ನಾನು ಕೊಟ್ಟ ಕಾರಣ. ಅವನು ಸಹಿ ಮಾಡಲಿಲ್ಲ. ಬದಲಿಗೆ, ಅದೇ ತಿಂಗಳು ಅಂಚೆ ಕಚೇರಿಯ ವಿಕಾಸ ಪತ್ರಗಳ ಐದು ವರ್ಷ ತುಂಬಿ ಅರುವತ್ತು ಸಾವಿರ ಕೈಗೆ ಬಂದಿದ್ದರಿಂದ, ಅದನ್ನೂ ಷೇರಿಗೆ ಹಾಕಬೇಕೆಂದು ಬರೆದನು. ಆ ಹಣದ ವಿಷಯದಲ್ಲಿ ನನಗೂ ನಿನಗೂ ಅಧಿಕಾರವಿಲ್ಲ, ಮನೆಯಲ್ಲಿ ಕೇಳು ಎಂದು ಉತ್ತರಿಸಿದೆನು. ಕೆಲವು ದಿನಗಳಲ್ಲಿ ಅವನ ಪತ್ನಿಯೇ ಒಂದು ಇನ್‌ಲ್ಯಾಂಡ್ ಕಾಗದ ಬರೆದರು: "ಅಣ್ಣಯ್ಯ, ಈ ದುಡ್ಡು ಮಗಳ ಓದಿಗೆ ಎಂದು ಇಟ್ಟದ್ದು. ಮುಂದಿನ ವರ್ಷ ಅವಳು ಕಾಲೇಜಿಗೆ. ಇವರಿಗೆ ನೀವೇ ಹೇಳಿ." ನಾನು ಹೇಳಬೇಕಾದ ಅಗತ್ಯ ಬೀಳಲಿಲ್ಲ, ಆಕೆ ಆಗಲೇ ಹಣವನ್ನು ಬ್ಯಾಂಕಿನಲ್ಲಿ ಮಗಳ ಹೆಸರಿಗೆ ಇಟ್ಟಾಗಿತ್ತು.

ಏಪ್ರಿಲ್ 22ರಂದು ಸೂಚ್ಯಂಕ 4467ನ್ನು ಮುಟ್ಟಿತು. ಮರುದಿನದ ಟೈಮ್ಸ್ ಆಫ್ ಇಂಡಿಯಾದಲ್ಲಿ ಸುಚೇತಾ ದಲಾಲ್ ಅವರ ವರದಿ ಪ್ರಕಟವಾಯಿತು. ಬ್ಯಾಂಕುಗಳು ತಮ್ಮತಮ್ಮೊಳಗೆ ಸರ್ಕಾರಿ ಸಾಲಪತ್ರಗಳನ್ನು ಕೆಲದಿನಗಳ ಮಟ್ಟಿಗೆ ಕೊಟ್ಟುಕೊಳ್ಳುವ ವ್ಯವಹಾರದಲ್ಲಿ ನಡುವೆ ನಿಂತ ಮೆಹತಾನು, ಪತ್ರಗಳಿಲ್ಲದೆಯೇ ಬರಿಯ ರಶೀತಿಗಳ ಮೇಲೆ ಹಣವನ್ನು ತನ್ನ ಖಾತೆಗೆ ತಿರುಗಿಸಿಕೊಂಡು, ಅದರಿಂದ ಷೇರುಗಳನ್ನು ಕೊಳ್ಳುತ್ತಿದ್ದನೆಂಬುದು ಒಂದೊಂದಾಗಿ ಹೊರಬಿತ್ತು. ಏಪ್ರಿಲ್ 28ರ ಒಂದೇ ದಿನ ಸೂಚ್ಯಂಕ 570 ಅಂಶ ಕುಸಿಯಿತು. ಒಂದು ವರ್ಷದೊಳಗೆ ಶಿಖರದ ಅರ್ಧದ ಹತ್ತಿರಕ್ಕೆ ಬಂದಿತು. ಮನೆ ಮಾರಿದವರ, ಪ್ರಾಣ ಕಳೆದುಕೊಂಡವರ ಸುದ್ದಿಗಳು ಪತ್ರಿಕೆಗಳಲ್ಲಿ ಬರುತ್ತಿದ್ದವು. ಆ ಹಗರಣದಲ್ಲಿ ಸೇರಿದ್ದ ದಲ್ಲಾಳಿಗಳ ಕೈ ಹಾದುಬಂದ ಷೇರುಗಳನ್ನು ವಿಶೇಷ ನ್ಯಾಯಾಲಯದ ಕಾಯಿದೆಯಂತೆ ಕಳಂಕಿತವೆಂದು ಜಫ್ತಿಗೆ ಒಳಪಡಿಸಿದ್ದರಿಂದ, ಏನೂ ಅರಿಯದೆ ಅವನ್ನು ಕೊಂಡಿದ್ದ ಸಾಮಾನ್ಯ ಜನರೂ ಸಿಕ್ಕಿಬಿದ್ದರು. ನಮ್ಮ ಷೇರುಗಳು ಬಹುತೇಕ ಅದಕ್ಕೆ ಹಿಂದಿನ ವರ್ಷಗಳಲ್ಲಿ ಕೊಂಡವಾದ್ದರಿಂದ ಆ ಸಂಕಟ ನಮ್ಮನ್ನು ತಟ್ಟಲಿಲ್ಲ.

ಸಹಿಯಿಲ್ಲದ ವರ್ಗಾವಣೆ ಪತ್ರಗಳನ್ನು ಅವನು ಜೂನಿನಲ್ಲಿ ಮರಳಿ ಕಳುಹಿಸಿದನು; ಜೊತೆಯಲ್ಲಿ ಇದ್ದ ಕಾಗದದಲ್ಲಿ, ನೀನು ಒತ್ತಾಯ ಮಾಡಿ ಸಹಿ ಹಾಕಿಸಬೇಕಾಗಿತ್ತು ಎಂಬ ಒಂದು ವಾಕ್ಯವಿತ್ತು. ಅದನ್ನು ನಾನು ಬಹಳ ದಿನ ಆಲೋಚಿಸಿದೆನು. ಅಂಕಗಣಿತದ ದೃಷ್ಟಿಯಿಂದ ನೋಡಿದರೆ ಅವನ ಮಾತು ನಿಜ. ಆದರೂ ಒತ್ತಾಯ ಮಾಡದಿದ್ದುದೇ ಧರ್ಮವೆಂಬ ನನ್ನ ನಿಲುವು ಅಂದಿಗೂ ಬದಲಾಗಲಿಲ್ಲ, ಇಂದಿಗೂ ಬದಲಾಗಿಲ್ಲ. ಗೆಳೆಯನು ಬೇಡವೆಂದಾಗ ನಿಲ್ಲದ ಕೈ, ಬೇಕೆಂದಾಗಲೂ ಅವನ ಮಾತನ್ನು ಕೇಳದು. ನಿರಾಕರಿಸುವ ಹಕ್ಕು ಅವನ ಆಸ್ತಿಯ ಒಂದು ಭಾಗ. ಷೇರುಗಳನ್ನು ಕಾಯುತ್ತೇನೆಂದವನು ಅದನ್ನೂ ಕಾಯಬೇಕು. ಇದನ್ನೇ ನಾನು ಅವನಿಗೂ ಬರೆದೆನು.

ಆ ಹಕ್ಕನ್ನು ಅವನು ಮರುವರ್ಷ ಇನ್ನೊಮ್ಮೆ ಉಪಯೋಗಿಸಿದನು. 1981ರಲ್ಲಿ ಪುಣೆಯಲ್ಲಿ ಆರಂಭವಾಗಿ 1983ರಲ್ಲಿ ಬೆಂಗಳೂರಿಗೆ ಬಂದಿದ್ದ ಇನ್ಫೋಸಿಸ್ ಕಂಪೆನಿಯು 1993ರ ಫೆಬ್ರವರಿಯಲ್ಲಿ ಹತ್ತು ರೂಪಾಯಿ ಮುಖಬೆಲೆಯ ಷೇರನ್ನು 95 ರೂಪಾಯಿಗೆ ಸಾರ್ವಜನಿಕರ ಮುಂದಿಟ್ಟಿತು. ಪೇಟೆಯ ಗಾಯ ಇನ್ನೂ ಮಾಗಿರಲಿಲ್ಲ. ಗಣಕಯಂತ್ರಕ್ಕೆ ಕ್ರಮವಿಧಿಗಳನ್ನು ಬರೆದು ಮಾರುವ ವ್ಯಾಪಾರವೆಂದರೇನೆಂದು ಬಹುಮಂದಿಗೆ ತಿಳಿಯುತ್ತಿರಲಿಲ್ಲ. ಇಟ್ಟ ಷೇರುಗಳಿಗೆಲ್ಲ ಅರ್ಜಿಗಳು ಬರಲಿಲ್ಲ. ಕಂಪೆನಿಯ ವಿವರಣಪತ್ರವನ್ನು ಓದಿ, ಅದರ ಲೆಕ್ಕಪತ್ರಗಳ ನಿರ್ಮಲತೆಯನ್ನು ಮೆಚ್ಚಿ, ನೂರು ಷೇರುಗಳಿಗೆ ಅರ್ಜಿ ಹಾಕೋಣವೆಂದು ನಾನು ಗೆಳೆಯನಿಗೆ ಬರೆದೆನು. "ಕಣ್ಣಿಗೆ ಕಾಣುವ ಕಾರ್ಖಾನೆ ಇಲ್ಲದ ಕಂಪೆನಿ ನನಗೆ ಬೇಡ, ಈ ವರ್ಷ ಹೊಸದು ಯಾವುದೂ ಬೇಡ" ಎಂದು ಉತ್ತರ ಬಂದಿತು. ಹಿಂದಿನ ಮಾರ್ಚಿನಲ್ಲಿ ಆಸೆಯಿಂದ ಬೇಡವೆಂದವನು ಈಗ ಭಯದಿಂದ ಬೇಡವೆಂದನು. ಎರಡನೆಯದನ್ನು ನಾನು ಮೊದಲನೆಯದರಷ್ಟೇ ಗೌರವಿಸಿದೆನು. ಜೂನ್ ತಿಂಗಳಲ್ಲಿ ಆ ಷೇರು ಪೇಟೆಗೆ ಬಂದ ದಿನ 145 ರೂಪಾಯಿ. 1994, 1997, 1999ರಲ್ಲಿ ಒಂದಕ್ಕೊಂದರಂತೆ ಬೋನಸ್ ಬಂದು ನೂರು ಷೇರು ಎಂಟುನೂರಾದವು. ಇಷ್ಟೆಲ್ಲ ಆದರೂ ಅವನು ಅದನ್ನು ಕುರಿತು ನನ್ನಲ್ಲಿ ಒಂದು ಮಾತನ್ನೂ ಆಡಲಿಲ್ಲ. ನಾನು ಬರೆದ ಕಾಗದವೂ ಅವನ ಉತ್ತರವೂ ಕಡತದಲ್ಲಿದ್ದವು. ಯಾರು ಏನು ಹೇಳಿದರೆಂಬ ವಾದಕ್ಕೆ ಎಡೆಯಿರಲಿಲ್ಲ.

ಅದೇ 1993ರ ಆರಂಭದಲ್ಲಿ, ಹಿಂದಿನ ವರ್ಷ ಶಾಸನಬದ್ಧ ಅಧಿಕಾರ ಪಡೆದಿದ್ದ ಸೆಬಿ ಮಂಡಳಿಯು, ಪರರ ಷೇರುಗಳನ್ನು ವೃತ್ತಿಯಾಗಿ ನಿರ್ವಹಿಸುವವರಿಗೆಂದು ನಿಯಮಾವಳಿಯನ್ನು ಪ್ರಕಟಿಸಿತು. ನೋಂದಣಿ ಮಾಡಿಸಬೇಕು, ಗಿರಾಕಿಯೊಂದಿಗೆ ಲಿಖಿತ ಒಪ್ಪಂದವಿರಬೇಕು, ಅವನ ಹಣ ಪ್ರತ್ಯೇಕ ಖಾತೆಯಲ್ಲಿರಬೇಕು, ಆರು ತಿಂಗಳಿಗೆ ಮೀರದಂತೆ ವರದಿ ಒಪ್ಪಿಸಬೇಕು ಎಂದು ಅದು ವಿಧಿಸಿತು. ಅದನ್ನು ಓದಿದಾಗ ನನಗುಂಟಾದ ಸಂತೋಷ ವಿಶೇಷವಾದುದು. ಅಪರಿಚಿತರ ನಡುವೆ ಕಾನೂನು ವಿಧಿಸಿದ ಈ ಕಟ್ಟಳೆಗಳು ಪರಿಚಿತರ ನಡುವೆ ಅನವಶ್ಯಕವೆಂದು ಜನ ಭಾವಿಸುತ್ತಾರೆ. ಅಪರಿಚಿತನಿಗಾದರೆ ನ್ಯಾಯಾಲಯವುಂಟು, ಗೆಳೆಯನಿಗೆ ಲೆಕ್ಕದ ಕಾಗದವೊಂದೇ ಉಂಟು.

ಮುಂದಿನ ವರ್ಷಗಳು ಬೇಗ ಬೇಗ ಸರಿದವು. 1994ರ ನವೆಂಬರಿನಲ್ಲಿ ರಾಷ್ಟ್ರೀಯ ಷೇರು ವಿನಿಮಯ ಕೇಂದ್ರವು ಗಣಕದ ತೆರೆಗಳ ಮೇಲೆ ಷೇರು ವ್ಯಾಪಾರ ಆರಂಭಿಸಿತು. ಎಷ್ಟು ಹೊತ್ತಿಗೆ ಯಾವ ಬೆಲೆಗೆ ಕೊಂಡರೆಂಬುದು ಗಿರಾಕಿಗೂ ತಿಳಿಯುವಂತಾಯಿತು, ನನ್ನ ಕತ್ತರಿ ಅಂಟುಗಳ ಕೆಲಸ ಮುಗಿಯಿತು. ಜೆ. ಸಿ. ರಸ್ತೆಯ ಅಂಗಳದ ಕೂಗು ಕ್ರಮೇಣ ನಿಂತಿತು. ಆ ಸಂಸ್ಥೆಯೇ 2014ರಲ್ಲಿ ವಿನಿಮಯ ಕೇಂದ್ರವಾಗಿರುವುದನ್ನು ಬಿಟ್ಟಿತು. 1996ರ ಡಿಪಾಸಿಟರಿ ಕಾಯಿದೆಯಿಂದ ಷೇರುಪತ್ರಗಳು ಕಾಗದದ ರೂಪ ಕಳೆದುಕೊಂಡು ಬರಿಯ ಖಾತೆಯ ಅಂಕಿಗಳಾದವು. ಇವೆಲ್ಲವೂ ಒಳ್ಳೆಯ ಸುಧಾರಣೆಗಳೇ. ಸಹಿ ತಾಳೆಯಾಗದೆ ಕಾಗದ ಮರಳಿ ಬರುವ ದುಃಖವನ್ನು ಅನುಭವಿಸಿದವನು ಅವನ್ನು ಹಳಿಯಲಾರನು. ಆದರೆ ಡಿಮ್ಯಾಟ್ ಖಾತೆ ತೆರೆಯುವ ಸಮಯದಲ್ಲಿ ಗೆಳೆಯನು, ಪ್ರತಿಸಲವೂ ಸಹಿಗೆಂದು ಊರಿಗೆ ಕಳುಹಿಸುವ ತೊಂದರೆ ತಪ್ಪಲೆಂದು, ನನ್ನ ಹೆಸರಿಗೆ ಮುಖ್ತ್ಯಾರ್ ನಾಮೆಯನ್ನು ಛಾಪಾ ಕಾಗದದ ಮೇಲೆ ಬರೆಯಿಸಿ, ಸಹಿ ಮಾಡಿ, ಅಂಚೆಯಲ್ಲಿ ಕಳುಹಿಸಿಬಿಟ್ಟನು. ಅದನ್ನು ಕಂಡು ನನಗೆ ಕಳವಳವಾಯಿತು. ಆ ಕಾಗದ ಒಂದು ಕೈಯಲ್ಲಿದ್ದರೆ ಅವನಿಗೆ ಕಾರಣ ಬರೆಯುವ ಅಗತ್ಯವಿಲ್ಲ, ಅವನು ಯೋಚಿಸುವ ಅಗತ್ಯವಿಲ್ಲ, ನಮ್ಮ ಕಾಗದಗಳಿಗೇ ಅಗತ್ಯವಿಲ್ಲ. ನಾನು ಅದನ್ನು ಹಿಂದಿರುಗಿಸಿ, ಲೆಕ್ಕವನ್ನು ಒಪ್ಪಿಸಿಕೊಳ್ಳುವ ಕಾಲ ಬಂದಿದೆಯೆಂದು ಬರೆದೆನು.

ಒಪ್ಪಿಸಿಕೊಂಡವಳು ಅವನ ಮಗಳು. ತಾಯಿ ಕಾಯ್ದಿಟ್ಟ ಹಣದಲ್ಲಿ ಓದಿ, ಬೆಂಗಳೂರಿನಲ್ಲಿಯೇ ಕೆಲಸಕ್ಕೆ ಸೇರಿದ್ದ ಅವಳು, ಕೆಲವು ಭಾನುವಾರಗಳು ನಮ್ಮ ಮನೆಗೆ ಬಂದು, ಕಂಪೆನಿಯ ವಾರ್ಷಿಕ ವರದಿಯಲ್ಲಿ ಮೊದಲು ಲೆಕ್ಕಪರಿಶೋಧಕರ ಟಿಪ್ಪಣಿಯನ್ನು ಓದಬೇಕೆಂಬುದನ್ನೂ, ಲಾಭವೆಂದು ಬರೆದ ಅಂಕೆಗೂ ನಿಜವಾಗಿ ಕೈಗೆ ಬಂದ ಹಣಕ್ಕೂ ಇರುವ ಅಂತರವನ್ನು ಹುಡುಕುವುದನ್ನೂ ಕಲಿತಳು. ಬಹಳ ಚುರುಕಾಗಿ ಕಲಿತಳು. ಕಡತಗಳನ್ನೆಲ್ಲ ಕೊಂಡೊಯ್ದ ಕೆಲವು ತಿಂಗಳಿಗೆ, ನಾನು ವರ್ಷಗಟ್ಟಲೆ ಕೈಬಿಡದೆ ಇಟ್ಟುಕೊಂಡಿದ್ದ ಎರಡು ಕಂಪೆನಿಗಳ ಷೇರುಗಳನ್ನು ಮಾರಬೇಕೆಂದು ಅವಳು ತಂದೆಗೆ ಸೂಚಿಸಿದಳಂತೆ. ಅವನು ಕೂಡಲೇ ನನಗೆ ದೂರವಾಣಿ ಮಾಡಿ, "ಇವಳು ನೀನು ಇಟ್ಟದ್ದನ್ನು ಮಾರುತ್ತಾಳಂತೆ, ನೀನೇನು ಹೇಳುತ್ತೀಯೆ?" ಎಂದು ಕೇಳಿದನು.

"ಲೆಕ್ಕ ಈಗ ಅವಳ ಹತ್ತಿರ ಇದೆ. ಕಾರಣವನ್ನು ಬರೆದು ಕೊಡೆಂದು ಅವಳನ್ನೇ ಕೇಳು" ಎಂದೆನು.

ಅವಳು ಎರಡು ಪುಟ ಬರೆದು ಕಳುಹಿಸಿದಳು. ಅವನು ಓದಿ, ಮೂರು ಪ್ರಶ್ನೆಗಳನ್ನು ಕೇಳಿ, ಒಂದು ಕಂಪೆನಿಯ ಷೇರುಗಳನ್ನು ಮಾರಲು ಒಪ್ಪಿದನು, ಇನ್ನೊಂದನ್ನು ಮಾರಲು ಒಪ್ಪಲಿಲ್ಲ.